ಐಸ್ ಹಾಕಿ ಆಟಗಾರನ ಬದುಕು: ಕೋಲಾರದ ನಮ್ಮ ಸ್ಕೇಟಿಂಗ್ ಬ್ಯಾಚ್‌ನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕೋಲಾರದಲ್ಲಿ ಸಂಜೆ ಹೊತ್ತು ಮಕ್ಕಳಿಗೆ ರೋಲರ್ ಸ್ಕೇಟಿಂಗ್ ಹೇಳಿಕೊಡುತ್ತೇನೆ. ಕಳೆದ ಜುಲೈನಲ್ಲಿ ಕೆನಡಾದಲ್ಲಿರುವ ನಮ್ಮ ಅಕ್ಕನ ಮಗ ರಜಕ್ಕೆ ಬಂದಿದ್ದ. ಅವನಿಗೆ 14 ವರ್ಷ. ಅಲ್ಲಿ ಐಸ್ ಹಾಕಿ ಆಡುತ್ತಾನೆ. ಬರುವಾಗ ಒಂದು ಸ್ಟಿಕ್ಕು, ಎರಡು ಪಕ್ಕು ತಂದಿದ್ದ. ಬ್ಯಾಚಿನ ಮಕ್ಕಳು ಅವನನ್ನು ಬಿಡಲೇ ಇಲ್ಲ. ಅವನು ವಾಪಸ್ ಹೋದ ಮೇಲೆ ಪ್ರಶ್ನೆಗಳೆಲ್ಲ ನನ್ನ ಕಡೆ ತಿರುಗಿದವು. ಮಕ್ಕಳು ಕೇಳುತ್ತಾರೆ, ಅವರ ಅಪ್ಪ ಅಮ್ಮ ಫೋನ್ ಮಾಡಿ ಕೇಳುತ್ತಾರೆ, ಮನೆಯಲ್ಲಿ ನಮ್ಮ ಅಮ್ಮನೂ ಕೇಳುತ್ತಾರೆ. ಎಲ್ಲವನ್ನೂ ಒಂದು ಕಡೆ ಬರೆದಿಟ್ಟರೆ ಒಳ್ಳೆಯದು ಅನ್ನಿಸಿತು.

ಇದು ನಮ್ಮ ಹಾಕಿನೇ ಅಲ್ವಾ ಸರ್, ಐಸ್ ಮೇಲೆ ಆಡೋದು ಅಷ್ಟೇ?

ಹೆಸರು ಮಾತ್ರ ಒಂದೇ. ಇಲ್ಲಿ ಚೆಂಡು ಇಲ್ಲ, ಪಕ್ ಇದೆ. ಗಟ್ಟಿ ರಬ್ಬರಿನ ಬಿಲ್ಲೆ ಅದು. 3 ಇಂಚು ಅಗಲ, 1 ಇಂಚು ದಪ್ಪ, ತೂಕ 156ರಿಂದ 170 ಗ್ರಾಂ. ಪುಟಿಯಬಾರದು ಅಂತ ಪಂದ್ಯಕ್ಕೆ ಮೊದಲು ಅದನ್ನು ಫ್ರೀಜರ್‌ನಲ್ಲಿ ಇಡುತ್ತಾರೆ. ಒಂದು ಕಡೆ ಗೋಲ್‌ಕೀಪರ್ ಸೇರಿ ಆರು ಜನ. 20 ನಿಮಿಷದ ಮೂರು ಪೀರಿಯಡ್.

ಆದರೆ ಆರೇ ಜನ ಅಷ್ಟೂ ಹೊತ್ತು ಆಡುವುದಿಲ್ಲ. ಒಬ್ಬ ಆಟಗಾರ ಸುಮಾರು 45 ಸೆಕೆಂಡ್ ಮೈಯಲ್ಲಿರುವ ಶಕ್ತಿಯೆಲ್ಲ ಹಾಕಿ ಓಡುತ್ತಾನೆ. ಆಮೇಲೆ ಬೆಂಚಿಗೆ ಬರುತ್ತಾನೆ, ಇನ್ನೊಬ್ಬ ಕಟ್ಟೆ ಹಾರಿ ಒಳಗೆ ಇಳಿಯುತ್ತಾನೆ. ಆಟ ನಿಲ್ಲುವುದೇ ಇಲ್ಲ. ಇದಕ್ಕೆ ಶಿಫ್ಟ್ ಅನ್ನುತ್ತಾರೆ. ಮೊದಲ ಸಲ ನೋಡುವವರಿಗೆ ಪಕ್ ಎಲ್ಲಿದೆ ಅಂತಲೇ ಕಾಣುವುದಿಲ್ಲ. ಪಕ್ ಬಿಟ್ಟು ಆಟಗಾರರ ಕಾಲು ನೋಡಿ. ನಾಲ್ಕೈದು ಪಂದ್ಯದಲ್ಲಿ ಕಣ್ಣು ಪಳಗುತ್ತದೆ.

ಎಷ್ಟನೇ ವಯಸ್ಸಿಗೆ ಶುರು ಮಾಡಬೇಕು?

ಕೆನಡಾದಲ್ಲಿ ನಾಲ್ಕೈದು ವರ್ಷಕ್ಕೇ ಮಕ್ಕಳನ್ನು ಐಸ್ ಮೇಲೆ ಬಿಡುತ್ತಾರೆ. ನಡಿಗೆ ಕಲಿತಷ್ಟೇ ಸಲೀಸಾಗಿ ಸ್ಕೇಟಿಂಗ್ ಬಂದಿರುತ್ತದೆ. ನಮ್ಮ ಅಕ್ಕನ ಮಗ ಏಳನೇ ವರ್ಷಕ್ಕೆ ಶುರು ಮಾಡಿದ. ಅವನ ಜೊತೆಯವರಿಗೆ ಹೋಲಿಸಿದರೆ ಅದೇ ತಡ.

16 ವರ್ಷಕ್ಕೇ ಮಗುವನ್ನು ಮನೆ ಬಿಡಿಸಿ ಕಳಿಸುತ್ತಾರಂತೆ, ನಿಜಾನಾ?

ನಿಜ. ಇದನ್ನು ಅತಿ ಹೆಚ್ಚು ಕೇಳುವವರು ತಾಯಂದಿರು.

ಕೆನಡಾದಲ್ಲಿ 16ರಿಂದ 20 ವರ್ಷದವರಿಗೆ ಮೂರು ದೊಡ್ಡ ಜೂನಿಯರ್ ಲೀಗ್‌ಗಳಿವೆ. ಒಂಟಾರಿಯೊ ಕಡೆ ಒಎಚ್‌ಎಲ್, ಪಶ್ಚಿಮದಲ್ಲಿ ಡಬ್ಲ್ಯುಎಚ್‌ಎಲ್, ಕ್ವಿಬೆಕ್ ಕಡೆ ಇನ್ನೊಂದು. ಮೂರೂ ಸೇರಿದರೆ ಸಿಎಚ್‌ಎಲ್. ಹುಡುಗ ಯಾವ ಊರಿನ ತಂಡಕ್ಕೆ ಆಯ್ಕೆಯಾದನೋ ಆ ಊರಿಗೆ ಹೋಗಲೇಬೇಕು. ಅದು ಮನೆಯಿಂದ ಸಾವಿರ ಕಿಲೋಮೀಟರ್ ದೂರವೂ ಇರಬಹುದು. ಅಲ್ಲಿ ಅವನಿಗೆ ಹಾಸ್ಟೆಲ್ ಇರುವುದಿಲ್ಲ. ಆ ಊರಿನ ಒಂದು ಕುಟುಂಬ ಅವನನ್ನು ಮನೆಗೆ ಸೇರಿಸಿಕೊಳ್ಳುತ್ತದೆ. ಊಟ, ರೂಮು, ಬಟ್ಟೆ ಒಗೆಯೋದು, ಜ್ವರ ಬಂದರೆ ನೋಡಿಕೊಳ್ಳೋದು, ಎಲ್ಲ ಅವರದ್ದೇ. ಇಂಥ ಮನೆಗೆ ಬಿಲೆಟ್ ಫ್ಯಾಮಿಲಿ ಅನ್ನುತ್ತಾರೆ. ನಮ್ಮ ಕಡೆ ಪಿಯುಸಿ ಓದಲು ಬೆಂಗಳೂರಿನ ಚಿಕ್ಕಪ್ಪನ ಮನೆಯಲ್ಲಿ ಇರುತ್ತಾರಲ್ಲ, ಹಾಗೇ. ಆದರೆ ಇಲ್ಲಿ ಚಿಕ್ಕಪ್ಪ ಚಿಕ್ಕಮ್ಮ ಮೊದಲ ದಿನ ಪೂರ್ತಿ ಅಪರಿಚಿತರು. ಎಷ್ಟೋ ಆಟಗಾರರು ದೊಡ್ಡವರಾದ ಮೇಲೂ ಆ ಮನೆಯ ಸಂಬಂಧ ಉಳಿಸಿಕೊಳ್ಳುತ್ತಾರೆ.

ಬೆಳಿಗ್ಗೆ ಶಾಲೆ, ಮಧ್ಯಾಹ್ನ ಅಭ್ಯಾಸ, ವಾರದ ಕೊನೆಗೆ ಪಂದ್ಯ. ಕೈಗೆ ಸಿಗುವುದು ಪಾಕೆಟ್ ಮನಿ ಅಷ್ಟೇ. ಊರಿಂದ ಊರಿಗೆ ಬಸ್. ಪಶ್ಚಿಮದ ಲೀಗ್‌ನಲ್ಲಿ ಕೆಲವು ಬಸ್ ಪ್ರಯಾಣ 10 ಗಂಟೆಗೂ ಜಾಸ್ತಿ. ಹುಡುಗರು ಬಸ್ಸಲ್ಲೇ ಹೋಮ್‌ವರ್ಕ್ ಮಾಡುತ್ತಾರೆ, ಬಸ್ಸಲ್ಲೇ ಮಲಗುತ್ತಾರೆ.

ಈ ಬಸ್ಸಿನ ಮಾತು ಬಂದಾಗ ಒಂದು ವಿಷಯ ಹೇಳದೆ ಇರಲಾರೆ. 2018ರ ಏಪ್ರಿಲ್ 6ರಂದು ಹಂಬೋಲ್ಟ್ ಬ್ರಾಂಕೋಸ್ ಎಂಬ ಜೂನಿಯರ್ ತಂಡದ ಬಸ್ಸಿಗೂ ಒಂದು ಲಾರಿಗೂ ಡಿಕ್ಕಿಯಾಯಿತು. 16 ಜನ ತೀರಿಕೊಂಡರು. ಆಗ ಕೆನಡಾದ ಮನೆ ಮನೆಯ ಬಾಗಿಲ ಮುಂದೆ ಜನ ಹಾಕಿ ಸ್ಟಿಕ್ ಇಟ್ಟರು. ನಮ್ಮ ಅಕ್ಕನೂ ಇಟ್ಟಿದ್ದಳು. ಆಗ ಅವಳ ಮಗ ಇನ್ನೂ ಚಿಕ್ಕವನು. ಈಗಲೂ ಅವನ ತಂಡ ಬೇರೆ ಊರಿಗೆ ಬಸ್ಸಲ್ಲಿ ಹೋದರೆ, ತಲುಪಿದ ಮೆಸೇಜ್ ಬರುವವರೆಗೆ ಅವಳು ಮಲಗುವುದಿಲ್ಲ.

ಡ್ರಾಫ್ಟ್ ಅಂದರೆ ಐಪಿಎಲ್ ಹರಾಜಿನ ಥರಾನಾ?

ಅಲ್ಲ. ಹರಾಜಿನಲ್ಲಿ ದುಡ್ಡು ಕೂಗುತ್ತಾರೆ. ಡ್ರಾಫ್ಟ್‌ನಲ್ಲಿ ತಂಡಗಳು ಸರದಿಯ ಪ್ರಕಾರ ಹೊಸ ಹುಡುಗರನ್ನು ಆರಿಸಿಕೊಳ್ಳುತ್ತವೆ. ಎನ್‌ಎಚ್‌ಎಲ್ ಅಂದರೆ ಈ ಆಟದ ಅತಿ ದೊಡ್ಡ ಲೀಗ್. 32 ತಂಡ, ಅಮೆರಿಕದಲ್ಲಿ 25, ಕೆನಡಾದಲ್ಲಿ 7. ಪ್ರತಿ ವರ್ಷ ಏಳು ಸುತ್ತು, ಒಟ್ಟು 224 ಹುಡುಗರ ಆಯ್ಕೆ. ಹಿಂದಿನ ವರ್ಷ ಚೆನ್ನಾಗಿ ಆಡದ ತಂಡಗಳಿಗೆ ಮೊದಲ ಸರದಿ. ಕೊನೆಯ ಸ್ಥಾನಕ್ಕಾಗಿ ಬೇಕಂತಲೇ ಸೋಲಬಾರದು ಅಂತ ನಡುವೆ ಒಂದು ಲಾಟರಿಯನ್ನೂ ಇಟ್ಟಿದ್ದಾರೆ. ಯಾವ ತಂಡ ಬೇಕು ಅಂತ ಹುಡುಗ ಕೇಳುವ ಹಾಗಿಲ್ಲ.

2023ರಲ್ಲಿ ಮೊದಲ ಹೆಸರು ಕಾನರ್ ಬೆಡಾರ್ಡ್, ಶಿಕಾಗೊ ತಂಡಕ್ಕೆ. 2024ರಲ್ಲಿ ಮ್ಯಾಕ್ಲಿನ್ ಸೆಲೆಬ್ರಿನಿ, ಸ್ಯಾನ್ ಹೋಸೆಗೆ. 2025ರಲ್ಲಿ ಮ್ಯಾಥ್ಯೂ ಶೇಫರ್, ನ್ಯೂಯಾರ್ಕ್ ಐಲ್ಯಾಂಡರ್ಸ್‌ಗೆ. ಈ ಮೂವರೂ ಅದೇ ವರ್ಷ ಎನ್‌ಎಚ್‌ಎಲ್‌ಗೆ ಇಳಿದರು. ಮಕ್ಕಳು ಇದನ್ನೇ ನೋಡಿ ಡ್ರಾಫ್ಟ್ ಆದರೆ ಕೆಲಸ ಸಿಕ್ಕಿತು ಅಂದುಕೊಳ್ಳುತ್ತಾರೆ. ಹಾಗಲ್ಲ. ಡ್ರಾಫ್ಟ್ ಆದರೆ ಆ ಹುಡುಗನ ಜೊತೆ ಒಪ್ಪಂದ ಮಾಡಿಕೊಳ್ಳುವ ಹಕ್ಕು ಒಂದು ತಂಡಕ್ಕೆ ಸಿಕ್ಕಿತು, ಅಷ್ಟೇ. 224ರಲ್ಲಿ ಹೆಚ್ಚಿನವರು ಮತ್ತೆ ಜೂನಿಯರ್ ತಂಡಕ್ಕೋ ಕಾಲೇಜಿಗೋ ಹೋಗಿ ಇನ್ನೂ ಎರಡು ಮೂರು ವರ್ಷ ಆಡುತ್ತಾರೆ. ಎಷ್ಟೋ ಜನ ಎನ್‌ಎಚ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡುವುದಿಲ್ಲ.

ಸಂಬಳ ಎಷ್ಟು ಸರ್?

2024-25ರಲ್ಲಿ ಎನ್‌ಎಚ್‌ಎಲ್‌ನ ಕನಿಷ್ಠ ಸಂಬಳ ವರ್ಷಕ್ಕೆ 7,75,000 ಡಾಲರ್. ಆಗಿನ ಲೆಕ್ಕದಲ್ಲಿ ಆರೂವರೆ ಕೋಟಿ ರೂಪಾಯಿ ಆಸುಪಾಸು. ಕೇಳಿದ ತಕ್ಷಣ ಎಲ್ಲರ ಕಣ್ಣು ಅಗಲವಾಗುತ್ತದೆ. ಸ್ವಲ್ಪ ತಡೆಯಿರಿ.

18ರಿಂದ 21 ವರ್ಷದ ಹುಡುಗನ ಮೊದಲ ಒಪ್ಪಂದ ಮೂರು ವರ್ಷದ್ದು. ಅದಕ್ಕೆ ಮೇಲಿನ ಮಿತಿ ಇದೆ. ಎಷ್ಟೇ ದೊಡ್ಡ ಪ್ರತಿಭೆ ಆದರೂ ಮೂಲ ಸಂಬಳ ಆ ಮಿತಿ ದಾಟುವುದಿಲ್ಲ. 2024ರಲ್ಲಿ ಸೆಲೆಬ್ರಿನಿಗೆ ಅದು 9,75,000 ಡಾಲರ್ ಇತ್ತು. ಅದರಲ್ಲಿ ತೆರಿಗೆ ಹೋಗುತ್ತದೆ, ಏಜೆಂಟ್ ಪಾಲು ಹೋಗುತ್ತದೆ. ಮುಖ್ಯ ವಿಷಯ ಬೇರೆ ಇದೆ. ಈ ಒಪ್ಪಂದಕ್ಕೆ ಎರಡು ಸಂಬಳ. ಮೇಲಿನ ತಂಡದಲ್ಲಿದ್ದ ದಿನಕ್ಕೆ ಒಂದು ಲೆಕ್ಕ, ಕೆಳಗಿನ ಲೀಗ್‌ಗೆ ಕಳಿಸಿದರೆ ಅದರ ಒಂದು ಚೂರು. ಆ ಆರೂವರೆ ಕೋಟಿ ವರ್ಷಪೂರ್ತಿ ಮೇಲೆ ಇದ್ದವನಿಗೆ ಮಾತ್ರ. ಇನ್ನೂ ಕೆಳಗೆ ಇಸಿಎಚ್‌ಎಲ್ ಅಂತ ಇದೆ. ಅಲ್ಲಿ ವಾರದ ಲೆಕ್ಕದಲ್ಲಿ ಸಂಬಳ, ಇರಲು ಮನೆ ತಂಡದವರೇ ಕೊಡುತ್ತಾರೆ.

ದೊಡ್ಡ ದುಡ್ಡು ಬರುವುದು ಎರಡನೇ ಒಪ್ಪಂದದಲ್ಲಿ. ಎಡ್ಮಂಟನ್‌ನ ಕಾನರ್ ಮೆಕ್‌ಡೇವಿಡ್ 2015ರಲ್ಲಿ ಡ್ರಾಫ್ಟ್ ಆದ, 19 ವರ್ಷಕ್ಕೇ ತಂಡದ ನಾಯಕನಾದ. 2017ರಲ್ಲಿ ಅವನು ಎಂಟು ವರ್ಷಕ್ಕೆ 10 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡ. ಅಂಥವನು ಒಬ್ಬ. ಅವನ ಲೆಕ್ಕ ಇಟ್ಟುಕೊಂಡು ನಿಮ್ಮ ಮಗುವಿನ ಭವಿಷ್ಯ ಅಳೆಯಬೇಡಿ ಅಂತ ಕೈಮುಗಿದು ಕೇಳುತ್ತೇನೆ.

ಡ್ರಾಫ್ಟ್ ಆಗದಿದ್ದರೆ ಅಲ್ಲಿಗೆ ಮುಗೀತಾ?

ಇಲ್ಲ. ನನಗೆ ತುಂಬಾ ಇಷ್ಟವಾದ ಕಥೆ ಇದೇ.

ಅರ್ಷ್‌ದೀಪ್ ಬೇನ್ಸ್ ಕೆನಡಾದ ಸರ್ರೆ ಊರಿನ ಪಂಜಾಬಿ ಮನೆತನದ ಹುಡುಗ. 2001ರಲ್ಲಿ ಹುಟ್ಟಿದವನು. ಡ್ರಾಫ್ಟ್‌ನಲ್ಲಿ ಯಾರೂ ಅವನ ಹೆಸರು ಕರೆಯಲಿಲ್ಲ. ಅವನು ಜೂನಿಯರ್‌ನಲ್ಲೇ ಉಳಿದು ಆಡಿದ. 2021-22ರಲ್ಲಿ ಪಶ್ಚಿಮದ ಲೀಗ್‌ನಲ್ಲಿ ಎಲ್ಲರಿಗಿಂತ ಜಾಸ್ತಿ ಪಾಯಿಂಟ್ (ಹೊಡೆದ ಗೋಲು, ಗೋಲಿಗೆ ಕೊಟ್ಟ ನೆರವು ಎರಡೂ ಸೇರಿ) ತೆಗೆದ. ಆಗ ವ್ಯಾಂಕೂವರ್ ಕನಕ್ಸ್ ತಂಡದವರು ಒಪ್ಪಂದ ಕೊಟ್ಟರು. ಅದರ ಮೇಲೂ ನೇರ ವ್ಯಾಂಕೂವರ್‌ಗೆ ಕರೆಯಲಿಲ್ಲ. ಆಬಟ್ಸ್‌ಫರ್ಡ್‌ಗೆ ಕಳಿಸಿದರು.

ಆಬಟ್ಸ್‌ಫರ್ಡ್ ಅಂದರೆ ಏನು ಅಂತ ಕೋಲಾರದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ವ್ಯಾಂಕೂವರ್‌ನಿಂದ ಅದು ಸುಮಾರು 70 ಕಿಲೋಮೀಟರ್. ಬೆಂಗಳೂರಿನಿಂದ ನಮ್ಮೂರು ಇದ್ದ ಹಾಗೇ. ಎನ್‌ಎಚ್‌ಎಲ್‌ನ ಪ್ರತಿ ತಂಡಕ್ಕೂ ಎಎಚ್‌ಎಲ್ ಅನ್ನುವ ಕೆಳಗಿನ ಲೀಗ್‌ನಲ್ಲಿ ಇಂಥ ಒಂದು ತಂಡ ಇರುತ್ತದೆ. ಮೇಲೆ ಯಾರಿಗಾದರೂ ಪೆಟ್ಟಾದರೆ ಇಲ್ಲಿಂದ ಒಬ್ಬನನ್ನು ಕರೆಯುತ್ತಾರೆ. ಬೆಳಿಗ್ಗೆ ಫೋನ್ ಬಂದರೆ ಸಂಜೆ ಪಂದ್ಯ. ಅವನು ವಾಸಿಯಾಗಿ ಬಂದರೆ ಇವನು ವಾಪಸ್. ಒಂದು ಸೀಸನ್‌ನಲ್ಲಿ ನಾಲ್ಕೈದು ಸಲ ಹೀಗೆ ಹೋಗಿ ಬರುವವರಿದ್ದಾರೆ. ಬೆಳಗಿನ ಜಾವ ಬೆಂಗಳೂರು ರೈಲು ಹಿಡಿಯುವ ನಮ್ಮ ಹುಡುಗರಿಗೆ ಈ ಓಡಾಟ ಚೆನ್ನಾಗಿ ಅರ್ಥವಾಗುತ್ತದೆ. ಕೆಲಸ ಅಲ್ಲಿ, ಮನೆ ಇಲ್ಲಿ, ಕಾಯಂ ಆಗುತ್ತದೋ ಇಲ್ಲವೋ ಗೊತ್ತಿಲ್ಲ.

ಬೇನ್ಸ್ 2024ರ ಫೆಬ್ರವರಿಯಲ್ಲಿ ಮೊದಲ ಎನ್‌ಎಚ್‌ಎಲ್ ಪಂದ್ಯ ಆಡಿದ. ಆಗ ಅವನಿಗೆ 23. 2025ರ ಜೂನ್‌ನಲ್ಲಿ ಆಬಟ್ಸ್‌ಫರ್ಡ್ ತಂಡ ಎಎಚ್‌ಎಲ್‌ನ ಕ್ಯಾಲ್ಡರ್ ಕಪ್ ಗೆದ್ದಾಗ ಅವನು ಆ ತಂಡದಲ್ಲಿದ್ದ. ಆಗ ಆ ತಂಡದ ಕೋಚ್ ಆಗಿದ್ದವರು ಮ್ಯಾನಿ ಮಲ್ಹೋತ್ರ, ಅವರ ತಂದೆ ಭಾರತೀಯ ಮೂಲದವರು. ಮಲ್ಹೋತ್ರ ಆಟಗಾರರಾಗಿ ಎನ್‌ಎಚ್‌ಎಲ್‌ನಲ್ಲಿ 991 ಪಂದ್ಯ ಆಡಿದವರು. ಇವರಿಗೂ ಮೊದಲು ರಾಬಿನ್ ಬಾವಾ ಇದ್ದರು. 1989ರಲ್ಲಿ ಎನ್‌ಎಚ್‌ಎಲ್‌ಗೆ ಬಂದ ಭಾರತೀಯ ಮೂಲದ ಮೊದಲ ಆಟಗಾರ.

ಮಕ್ಕಳು ಮೆಕ್‌ಡೇವಿಡ್ ವಿಡಿಯೊ ನೋಡಲಿ, ಬೇಡ ಅನ್ನಲ್ಲ. ಆದರೆ ವೃತ್ತಿ ಅಂದರೆ ಏನು ಅಂತ ತಿಳಿಯಬೇಕಾದರೆ ಬೇನ್ಸ್ ಕಥೆ ಹೇಳಿ. ಡ್ರಾಫ್ಟ್ ದಿನದ ಫೋಟೊ ಒಂದೇ ಸಂಜೆಯದು. ಆಬಟ್ಸ್‌ಫರ್ಡ್‌ನಂಥ ಊರಲ್ಲಿ ಫೋನ್ ಪಕ್ಕ ಇಟ್ಟುಕೊಂಡು ಕಾಯುವ ದಿನಗಳು ನೂರಾರು. ಅಲ್ಲಿ ಆಡುವವರೂ ಪೂರ್ತಿ ವೃತ್ತಿಪರ ಆಟಗಾರರೇ. ಅವರನ್ನು ಸೋತವರು ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ.

ಒಂಬತ್ತು ಪಂದ್ಯ ಆಡಿಸಿ ವಾಪಸ್ ಕಳಿಸ್ತಾರೆ ಅಂತಾರಲ್ಲ, ಅದೇನು?

18, 19 ವರ್ಷದ ಹುಡುಗ ಒಂದು ಸೀಸನ್‌ನಲ್ಲಿ ಹತ್ತು ಎನ್‌ಎಚ್‌ಎಲ್ ಪಂದ್ಯ ಆಡದಿದ್ದರೆ, ಅವನ ಮೂರು ವರ್ಷದ ಒಪ್ಪಂದದಲ್ಲಿ ಆ ವರ್ಷ ಲೆಕ್ಕಕ್ಕೆ ಬರುವುದಿಲ್ಲ. ಒಪ್ಪಂದ ಒಂದು ವರ್ಷ ಮುಂದೆ ಜಾರುತ್ತದೆ. ಅದಕ್ಕೇ ಒಂಬತ್ತು ಪಂದ್ಯ ನೋಡಿ ತಂಡದವರು ತೀರ್ಮಾನ ಮಾಡುತ್ತಾರೆ.

ಓದು ಏನಾಗುತ್ತೆ?

ಕಾಲೇಜು ದಾರಿಯೂ ಇದೆ. ಅಮೆರಿಕದ ವಿಶ್ವವಿದ್ಯಾಲಯಗಳ ನಡುವೆ ನಡೆಯುವ ಎನ್‌ಸಿಎಎ ಹಾಕಿ ದೊಡ್ಡ ಮಟ್ಟದ್ದು. ಸೆಲೆಬ್ರಿನಿ 17ನೇ ವಯಸ್ಸಿಗೆ ಬೋಸ್ಟನ್ ವಿಶ್ವವಿದ್ಯಾಲಯಕ್ಕೆ ಆಡಿ ಆಮೇಲೆ ಡ್ರಾಫ್ಟ್ ಆದವನು. ಕೇಲ್ ಮಕಾರ್ 2017ರಲ್ಲಿ ನಾಲ್ಕನೇ ಹೆಸರಾಗಿ ಡ್ರಾಫ್ಟ್ ಆದ. ಆದರೂ ಅವಸರ ಮಾಡಲಿಲ್ಲ. ಎರಡು ವರ್ಷ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯಕ್ಕೆ ಆಡಿದ. 2022ರಲ್ಲಿ ಕೊಲರಾಡೊ ತಂಡದೊಂದಿಗೆ ಎನ್‌ಎಚ್‌ಎಲ್ ಚಾಂಪಿಯನ್ನರಿಗೆ ಕೊಡುವ ಸ್ಟ್ಯಾನ್ಲಿ ಕಪ್ ಗೆದ್ದ.

ಮೊದಲು ಒಂದು ಕಠಿಣ ನಿಯಮ ಇತ್ತು. ಕೆನಡಾದ ಸಿಎಚ್‌ಎಲ್‌ನಲ್ಲಿ ಆಡಿದರೆ ಎನ್‌ಸಿಎಎ ಬಾಗಿಲು ಮುಚ್ಚುತ್ತಿತ್ತು. ಎಸ್‌ಎಸ್‌ಎಲ್‌ಸಿ ವಯಸ್ಸಿನ ಹುಡುಗ ಆ ತೀರ್ಮಾನ ಮಾಡಬೇಕಿತ್ತು. 2024ರ ನವೆಂಬರ್‌ನಲ್ಲಿ ಅದನ್ನು ತೆಗೆದರು. 2025ರ ಆಗಸ್ಟ್ 1ರಿಂದ ಎರಡೂ ದಾರಿ ತೆರೆದಿವೆ. ನಮ್ಮ ಅಕ್ಕ ಆ ಸುದ್ದಿ ಬಂದ ದಿನ ಫೋನ್ ಮಾಡಿದ್ದಳು. ಮಗ ಆಟದಲ್ಲಿ ಮುಂದೆ ಬರದಿದ್ದರೂ ಓದು ಕೈಬಿಡುವುದಿಲ್ಲ ಅಲ್ವಾ ಅಂತ ಎರಡೆರಡು ಸಲ ಕೇಳಿದಳು.

ಹಲ್ಲು ಹೋಗುತ್ತೆ, ಹೊಡೆದಾಡ್ತಾರೆ, ಇದೂ ಒಂದು ಆಟಾನಾ?

ಇದು ನಮ್ಮ ಅಮ್ಮನ ಪ್ರಶ್ನೆ. ಅಮ್ಮನಿಗೆ ನಾನು ಸುಳ್ಳು ಹೇಳಿಲ್ಲ, ನಿಮಗೂ ಹೇಳಲ್ಲ. ಪೆಟ್ಟು ಬೀಳುತ್ತದೆ. ಮೈಗೆ ಮೈ ಡಿಕ್ಕಿ ಹೊಡೆಯುವುದು ನಿಯಮದಲ್ಲೇ ಇದೆ. ಎನ್‌ಎಚ್‌ಎಲ್‌ನಲ್ಲಿ ಕೈ ಮಾಡಿದರೆ ಐದು ನಿಮಿಷ ಹೊರಗೆ ಕೂರಿಸುತ್ತಾರೆ. ತಲೆಗೆ ಬೀಳುವ ಪೆಟ್ಟು ಎಲ್ಲಕ್ಕಿಂತ ಅಪಾಯ, ಅದು ಹೊರಗೆ ಕಾಣುವುದಿಲ್ಲ.

ಮಲ್ಹೋತ್ರ ಅವರಿಗೆ 2011ರ ಮಾರ್ಚ್‌ನಲ್ಲಿ ಪಕ್ ಕಣ್ಣಿಗೆ ಬಡಿಯಿತು. ಆ ಕಣ್ಣಿನ ದೃಷ್ಟಿ ಬಹುಪಾಲು ಹೋಯಿತು. 2013ರಿಂದ ಎನ್‌ಎಚ್‌ಎಲ್‌ಗೆ ಹೊಸದಾಗಿ ಬರುವವರಿಗೆ ಮುಖದ ಮುಂದೆ ಕಣ್ಣು ಕಾಯುವ ಪಾರದರ್ಶಕ ವೈಸರ್ ಕಡ್ಡಾಯ. 2023ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಒಂದು ಪಂದ್ಯದಲ್ಲಿ ಆಡಂ ಜಾನ್ಸನ್ ಎಂಬ ಆಟಗಾರನ ಕತ್ತಿಗೆ ಸ್ಕೇಟ್ ಬ್ಲೇಡ್ ತಗಲಿ ಅವನು ತೀರಿಕೊಂಡ. ಆಮೇಲೆ ಅಂತರರಾಷ್ಟ್ರೀಯ ಐಸ್ ಹಾಕಿ ಸಂಸ್ಥೆ ತನ್ನ ಟೂರ್ನಿಗಳಲ್ಲಿ ಕತ್ತಿನ ಪಟ್ಟಿಯನ್ನು ಕಡ್ಡಾಯ ಮಾಡಿತು. ನಮ್ಮ ಅಕ್ಕನ ಮಗ ಅದನ್ನು ಹಾಕದೆ ಐಸ್ ಮೇಲೆ ಕಾಲಿಡುವುದಿಲ್ಲ. ಸೆಕೆಯಾಗುತ್ತೆ ಅಂತ ಗೊಣಗುತ್ತಾನೆ, ಆದರೂ ಹಾಕುತ್ತಾನೆ. ನಮ್ಮ ಬ್ಯಾಚ್‌ನಲ್ಲೂ ಹೆಲ್ಮೆಟ್ ಇಲ್ಲದವರಿಗೆ ಆ ದಿನ ಸ್ಕೇಟಿಂಗ್ ಇಲ್ಲ. ಇದರಲ್ಲಿ ನನ್ನ ಜೊತೆ ವಾದ ಬೇಡ.

ಇಷ್ಟು ಬಿಸಿಲಿನ ಊರಿನವರು ಐಸ್ ಹಾಕಿ ಕನಸು ಕಾಣಬಹುದಾ?

ಆಸ್ಟನ್ ಮ್ಯಾಥ್ಯೂಸ್ ಬೆಳೆದದ್ದು ಅಮೆರಿಕದ ಅರಿಜೋನಾದಲ್ಲಿ. ಅದು ಮರುಭೂಮಿ. ಬೇಸಿಗೆಯಲ್ಲಿ 40 ಡಿಗ್ರಿ ಅಲ್ಲಿ ಮಾಮೂಲು. ಕೋಲಾರದ ಏಪ್ರಿಲ್ ಅದರ ಮುಂದೆ ತಂಪು. ಅವನು 2016ರಲ್ಲಿ ಮೊದಲ ಹೆಸರಾಗಿ ಟೊರಾಂಟೊ ತಂಡಕ್ಕೆ ಬಂದ. ಮೊದಲ ಪಂದ್ಯದಲ್ಲೇ ನಾಲ್ಕು ಗೋಲು ಹೊಡೆದ.

ಆದರೆ ಪೂರ್ತಿ ಹೇಳಬೇಕು. ಅವನ ಊರಿನ ಹತ್ತಿರ ಎನ್‌ಎಚ್‌ಎಲ್ ತಂಡವೇ ಇತ್ತು, ಒಳಾಂಗಣ ರಿಂಕ್ ಇತ್ತು. ನಮ್ಮ ಕೋಲಾರದಲ್ಲಿ ಅದಿಲ್ಲ. ಬಿಸಿಲು ಅಡ್ಡಿ ಅಲ್ಲ. ರಿಂಕ್ ಇಲ್ಲದಿರುವುದು ಅಡ್ಡಿ.

ನಮ್ಮ ದೇಶದಲ್ಲಿ ಎಲ್ಲಿ ಆಡ್ತಾರೆ?

ಲಡಾಖ್. ಲೇಹ್, ಕಾರ್ಗಿಲ್ ಕಡೆ ಚಳಿಗಾಲದಲ್ಲಿ ರಾತ್ರಿ ನೀರು ಹಾಯಿಸಿ ಬಿಟ್ಟರೆ ಬೆಳಿಗ್ಗೆ ಐಸ್. ಸಹಜವಾದ ಐಸ್ ಸಿಗುವುದು ವರ್ಷಕ್ಕೆ ಎರಡು ತಿಂಗಳು. ಅಷ್ಟರಲ್ಲೇ ಅವರು ದೇಶದ ತಂಡ ಕಟ್ಟಿದ್ದಾರೆ. ಭಾರತ ಅಂತರರಾಷ್ಟ್ರೀಯ ಐಸ್ ಹಾಕಿ ಸಂಸ್ಥೆಯ ಸದಸ್ಯ ಆಗಿದ್ದು 1989ರಲ್ಲಿ. ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಐಸ್ ಹಾಕಿ ಲೇಹ್‌ನಲ್ಲಿ ನಡೆಯುತ್ತದೆ. ಡೆಹ್ರಾಡೂನ್‌ನಲ್ಲಿ ಒಂದು ಒಳಾಂಗಣ ರಿಂಕ್ ಇದೆ, ಬಹಳ ವರ್ಷ ಮುಚ್ಚಿತ್ತು, 2025ರಲ್ಲಿ ಮತ್ತೆ ತೆರೆಯಿತು.

ಇಲ್ಲಿ ಸಂಬಳ ಕೊಡುವ ವೃತ್ತಿಪರ ಲೀಗ್ ಇಲ್ಲ. ಒಳ್ಳೆಯ ಆಟಗಾರರು ಸೇನೆಗೋ ಐಟಿಬಿಪಿಗೋ ಸೇರಿ ಅಲ್ಲಿನ ತಂಡಕ್ಕೆ ಆಡುತ್ತಾರೆ. ಆ ಕೆಲಸದಿಂದ ಮನೆ ನಡೆಯುತ್ತದೆ.

ಹೆಣ್ಣುಮಕ್ಕಳಿಗೆ?

ನಮ್ಮ ಬ್ಯಾಚ್‌ನಲ್ಲಿ ಚೆನ್ನಾಗಿ ಸ್ಕೇಟ್ ಮಾಡುವವರು ಹುಡುಗಿಯರೇ. ಅದಕ್ಕೆ ಈ ಉತ್ತರವನ್ನು ಸಂತೋಷದಿಂದ ಬರೆಯುತ್ತಿದ್ದೇನೆ. ಮಹಿಳೆಯರ ವೃತ್ತಿಪರ ಲೀಗ್ ಪಿಡಬ್ಲ್ಯುಎಚ್‌ಎಲ್ 2024ರ ಜನವರಿ 1ರಂದು ಆರು ತಂಡಗಳೊಂದಿಗೆ ಶುರುವಾಯಿತು. 2025-26ರಲ್ಲಿ ಸಿಯಾಟಲ್, ವ್ಯಾಂಕೂವರ್ ಸೇರಿ ಎಂಟಾದವು. ಮೊದಲ ವರ್ಷ ಕನಿಷ್ಠ ಸಂಬಳ 35,000 ಡಾಲರ್. ಗಂಡಸರ ಲೀಗ್‌ಗೂ ಇದಕ್ಕೂ ಇರುವ ದೂರ ನೋಡಿ. ಇದು ಸರಿಯಲ್ಲ ಅಂತಲೇ ನನ್ನ ಅಭಿಪ್ರಾಯ.

ನಮ್ಮ ದೇಶದ ಮಹಿಳಾ ತಂಡ 2016ರಲ್ಲಿ ಮೊದಲ ಅಂತರರಾಷ್ಟ್ರೀಯ ಟೂರ್ನಿ ಆಡಿತು. 2017ರಲ್ಲಿ ಫಿಲಿಪ್ಪೀನ್ಸ್ ವಿರುದ್ಧ 4-3ರಿಂದ ಮೊದಲ ಗೆಲುವು. 2025ರಲ್ಲಿ ಯುಎಇಯಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಕಂಚು. ವರ್ಷಕ್ಕೆ ಎರಡು ತಿಂಗಳ ಐಸ್ ಇಟ್ಟುಕೊಂಡು ಕಂಚು ಗೆದ್ದರು. ಆ ಸುದ್ದಿಯನ್ನು ಬ್ಯಾಚ್‌ನಲ್ಲಿ ಓದಿ ಹೇಳಿದಾಗ ಮಕ್ಕಳು ಚಪ್ಪಾಳೆ ಹೊಡೆದರು.

ಪಂದ್ಯ ಯಾವ ಹೊತ್ತಿಗೆ ನೋಡಬಹುದು?

ಚಳಿಗಾಲದಲ್ಲಿ ಟೊರಾಂಟೊದ ಸಂಜೆ 7 ಗಂಟೆ ನಮಗೆ ಮರುದಿನ ಬೆಳಿಗ್ಗೆ 5.30. ಡೈರಿಗೆ ಹಾಲು ಹಾಕೋ ಹೊತ್ತು. ಸೀಸನ್ ಅಕ್ಟೋಬರ್‌ನಿಂದ ಏಪ್ರಿಲ್, 2025-26ರವರೆಗೆ ಒಂದು ತಂಡಕ್ಕೆ 82 ಪಂದ್ಯ. ಆಮೇಲೆ ಜೂನ್‌ವರೆಗೆ ಸ್ಟ್ಯಾನ್ಲಿ ಕಪ್‌ಗಾಗಿ ಪ್ಲೇಆಫ್.

ಹಾಗಾದರೆ ಇಲ್ಲಿ ಸ್ಕೇಟಿಂಗ್ ಕಲಿತು ಏನು ಪ್ರಯೋಜನ?

ಚಕ್ರದ ಮೇಲೆ ಕಲಿತದ್ದು ಬಹಳಷ್ಟು ಐಸ್ ಮೇಲೂ ಕೆಲಸಕ್ಕೆ ಬರುತ್ತದೆ. ಮಂಡಿ ಬಗ್ಗಿಸಿ ನಿಲ್ಲೋದು, ಒಂದೇ ಕಾಲಿನ ಮೇಲೆ ತೂಕ ಹಾಕೋದು, ತಲೆ ಎತ್ತಿ ಓಡೋದು, ತಿರುವಿನಲ್ಲಿ ಒಂದು ಕಾಲನ್ನು ಇನ್ನೊಂದರ ಮೇಲಿಂದ ದಾಟಿಸುವ ಕ್ರಾಸ್‌ಓವರ್. ಇನ್‌ಲೈನ್ ಹಾಕಿ, ರೋಲರ್ ಹಾಕಿ ಎರಡಕ್ಕೂ ನಮ್ಮ ದೇಶದಲ್ಲಿ ರೋಲರ್ ಸ್ಕೇಟಿಂಗ್ ಫೆಡರೇಶನ್ ರಾಷ್ಟ್ರೀಯ ಸ್ಪರ್ಧೆ ನಡೆಸುತ್ತದೆ. ಕೋಲಾರದ ಮಗು ಅಲ್ಲಿಗೆ ಖಂಡಿತ ಹೋಗಬಹುದು. ಅದು ಎಟುಕುವ ಗುರಿ.

ಒಂದು ಮಾತ್ರ ಚಕ್ರದಿಂದ ಬರುವುದಿಲ್ಲ. ಅದು ನಿಲ್ಲಿಸುವುದು. ಮೂರು ವರ್ಷದ ಹಿಂದೆ ಅಕ್ಕನ ಮನೆಗೆ ಹೋದಾಗ ನಾನು ಮೊದಲ ಸಲ ಐಸ್ ಮೇಲೆ ಇಳಿದೆ. ಓಡಿದೆ, ತಿರುಗಿದೆ, ಎಲ್ಲ ಸರಿಯಾಗೇ ಇತ್ತು. ಎದುರಿಗೆ ಗೋಡೆ ಬಂದಾಗ ಕಾಲಿಗೆ ಏನು ಮಾಡಬೇಕು ಅಂತ ಗೊತ್ತಾಗಲಿಲ್ಲ. ಐಸ್ ಸ್ಕೇಟ್‌ನ ಬ್ಲೇಡಿನ ತಳದಲ್ಲಿ ಉದ್ದಕ್ಕೂ ಸಣ್ಣ ತೋಡು ಇರುತ್ತದೆ. ಅದರಿಂದ ಒಳಗೊಂದು ಹೊರಗೊಂದು, ಎರಡು ಅಂಚು. ನಿಲ್ಲಬೇಕಾದರೆ ಎರಡೂ ಬ್ಲೇಡನ್ನು ಅಡ್ಡ ತಿರುಗಿಸಿ ಐಸನ್ನು ಕೆರೆಯಬೇಕು. ಚಕ್ರವನ್ನು ಹಾಗೆ ಅಡ್ಡ ಹಾಕಲು ಹೋದರೆ ಬೀಳುತ್ತೀರಿ, ಅದಕ್ಕೇ ನಮ್ಮ ಕಾಲು ಅದನ್ನು ಕಲಿತಿರುವುದಿಲ್ಲ. ನನಗೆ ನಾಲ್ಕು ದಿನ ಬೇಕಾಯಿತು. ಹೇಳಿಕೊಟ್ಟವನು ನಮ್ಮ ಅಕ್ಕನ ಮಗ, ಆಗ ಅವನಿಗೆ 11 ವರ್ಷ.

ಮಗನಿಗೆ ಹಾಕಿ ಸ್ಕೇಟ್ ತಗೊಳ್ಳಬೇಕು, ಸೈಜ್ ಹೇಗೆ ನೋಡೋದು?

ಶಾಲೆಯ ಶೂ ತಗೊಳ್ಳುವಾಗ ಬೆಳೆಯೋ ಮಕ್ಕಳು ಅಂತ ಎರಡು ಸೈಜ್ ದೊಡ್ಡದು ತಗೊಳ್ತೀವಲ್ಲ, ಸ್ಕೇಟ್‌ಗೆ ಅದು ಬೇಡವೇ ಬೇಡ. ಒಳಗೆ ಪಾದ ಆಡಿದರೆ ಹಿಮ್ಮಡಿ ಗಂಟು ತಿರುಚುತ್ತದೆ. ಹಾಕಿ ಸ್ಕೇಟ್ ಸಾಮಾನ್ಯವಾಗಿ ಶೂಗಿಂತ ಒಂದು, ಒಂದೂವರೆ ಸೈಜ್ ಚಿಕ್ಕದು. ತೆಳ್ಳನೆಯ ಸಾಕ್ಸ್ ಹಾಕಿ, ಲೇಸ್ ಕಟ್ಟಿ ನಿಲ್ಲಿಸಿ. ನೆಟ್ಟಗೆ ನಿಂತಾಗ ಬೆರಳು ಮುಂದೆ ಸುಮ್ನೆ ತಾಗಬೇಕು. ಮಂಡಿ ಬಗ್ಗಿಸಿದಾಗ ಹಿಮ್ಮಡಿ ಹಿಂದೆ ಕೂತು ಬೆರಳು ಬಿಡಬೇಕು. ಸ್ಟಿಕ್ ಆದರೆ ಬರಿಗಾಲಲ್ಲಿ ಮೂಗಿನವರೆಗೆ, ಸ್ಕೇಟ್ ಹಾಕಿದಾಗ ಗಲ್ಲದವರೆಗೆ. ದೊಡ್ಡದಾದ ಮಕ್ಕಳ ಹಳೇ ಸ್ಕೇಟ್ ನಮ್ಮ ಬ್ಯಾಚ್‌ನಲ್ಲೇ ನಾಲ್ಕು ಜೊತೆ ಇವೆ. ಹೊಸದಕ್ಕೆ ದುಡ್ಡು ಹಾಕುವ ಮೊದಲು ಒಂದು ಸಂಜೆ ಮಗನನ್ನು ಕರೆದುಕೊಂಡು ಬನ್ನಿ, ಹಾಕಿಸಿ ನೋಡೋಣ.